ಹುಳದ ಮನೆಯ ರೂಟರ್

ಹೊಂಗನೂರಿನಲ್ಲಿ ನಮ್ಮಕ್ಕ ರೇಷ್ಮೆ ಹುಳ ಸಾಕುತ್ತಾಳೆ. ಹುಳವಿದ್ದಷ್ಟು ದಿನ ಅವಳು ಮನೆ ಬಿಟ್ಟು ಕದಲುವಂತಿರಲಿಲ್ಲ. ಸೆಕೆ ಏರಿದರೆ ಬೆಳೆಯೇ ಕೈಬಿಡುತ್ತದೆ. ರಾಮನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಾನು ಅದಕ್ಕೊಂದು ಉಪಾಯ ಹುಡುಕಿದ್ದೆ. ಹಳೆಯ ವೈಫೈ ರೂಟರೊಂದರಲ್ಲಿ ಕಂಪನಿಯ ತಂತ್ರಾಂಶ ಅಳಿಸಿ, ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶ ಹಾಕಿ, ಶಾಖ ಅಳೆಯುವ ಸಾಧನವನ್ನು ಅದಕ್ಕೇ ಸಿಕ್ಕಿಸಿದೆ. ಸೆಕೆ ಏರಿದರೆ ಅಕ್ಕನ ಫೋನಿಗೆ ಸುದ್ದಿ ಹೋಗುತ್ತಿತ್ತು. ಅವಳು ಎಲ್ಲಿದ್ದರೂ ಮನೆಯಲ್ಲಿರುವ ತನ್ನ ಅತ್ತೆಗೆ ಫೋನ್ ಮಾಡಿ, ತಂಪಾಗಲೆಂದು ಕಿಟಕಿಗೆ ಕಟ್ಟಿದ ಗೋಣಿತಾಟಿಗೆ ನೀರು ಹಾಕಿಸುತ್ತಿದ್ದಳು. ಅತ್ತೆಗೆ ಅಂಕಿ ಕಾಣಿಸದು, ಕೈಕಾಲು ಮಾತ್ರ ಗಟ್ಟಿ.

ಹಾಗಾಗಿಯೇ ಅಕ್ಕ ಚನ್ನಪಟ್ಟಣಕ್ಕೆ ಹೊಲಿಗೆ ಕಲಿಯಲು ಹೋಗತೊಡಗಿದ್ದು. ಅಲ್ಲಿ ಕಟ್ಟುನಿಟ್ಟು ಜಾಸ್ತಿ. ಒಂದು ವಾರ ತಪ್ಪಿಸಿದರೆ ಮಿಷನ್ ಬೇರೆಯವರ ಪಾಲು. ಬಸ್ಸು ಹತ್ತುವಾಗ ಅವಳ ಮುಖ ನೋಡಿದರೆ ನನಗೇ ಜಂಬ ಬರುತ್ತಿತ್ತು.

ಮೊನ್ನೆ ಸಿಡಿಲಿಗೆ ಆ ರೂಟರ್ ಸುಟ್ಟುಹೋಯಿತು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳಗಳು ಆಗಷ್ಟೇ ನಾಲ್ಕನೇ, ಅಂದರೆ ಕೊನೆಯ ಜ್ವರದಿಂದ ಎದ್ದು ಸೊಪ್ಪು ಮೇಯುತ್ತಿದ್ದವು; ಗೂಡು ಕಟ್ಟಲು ಇನ್ನೂ ಒಂದು ವಾರವಿತ್ತು. ಅದೇ ಕಂಪನಿಯ, ಅದೇ ಹೆಸರಿನ ಹೊಸ ರೂಟರ್ ಹಿಡಿದು ಓಡಿದೆ.

"ಅಲ್ಲೇ ನಿಂತ್ಕೊ ಕಣಪ್ಪ, ಎಲ್ಲೆಲ್ಲಿ ತಿರುಗ್ಬುಟ್ಟು ಬಂದಿದ್ದೀಯೋ," ಎಂದರು ಅಕ್ಕನ ಅತ್ತೆ.

ಹೊರಗಿನವರ ಕಾಲಿನಿಂದ ಹುಳಕ್ಕೆ ರೋಗ ಬರುತ್ತದೆಂದು ಒಳಗೆ ಬಿಡುವುದಿಲ್ಲ. ಸುಣ್ಣ ಚೆಲ್ಲಿದ ಹೊಸಿಲಾಚೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೂತೆ. ಹೊಸ ರೂಟರ್ ಕೂಡ ನನ್ನ ತಂತ್ರಾಂಶವನ್ನು ಒಳಗೆ ಬಿಡಲಿಲ್ಲ. ಏನು ಮಾಡಿದರೂ ಊಹೂಂ. ಕಂಪನಿಗೆ ಫೋನ್ ಮಾಡಿದರೆ, "ಈಗ ಬರೋದೆಲ್ಲ ಹೀಗೇ ಸರ್, ವೈರ್‌ಲೆಸ್ ನಿಯಮ," ಎಂಬ ಉತ್ತರ.

ನಿಯಮ ನನಗೂ ಗೊತ್ತು. ರೇಡಿಯೊ ಶಕ್ತಿಯನ್ನು ಮನಸ್ಸಿಗೆ ಬಂದಂತೆ ಏರಿಸಿ ಬೇರೆಯವರ ಸಂಪರ್ಕ ಕೆಡಿಸಬಾರದು. ಸರಿಯೇ. ಅದಕ್ಕೆ ರೇಡಿಯೊ ಭಾಗಕ್ಕಷ್ಟೇ ಬೀಗ ಹಾಕಿದ್ದರೆ ಸಾಕಿತ್ತು. ಅಷ್ಟು ತಾಪತ್ರಯ ಯಾರಿಗೆ ಬೇಕೆಂದು ಕಂಪನಿಗಳು ಇಡೀ ಪೆಟ್ಟಿಗೆಗೇ ಬೀಗ ಜಡಿದುಬಿಟ್ಟಿವೆ. ಒಲೆ ಮುಟ್ಟಬೇಡಿ ಎಂದರೆ ಅಡುಗೆಮನೆಯನ್ನೇ ಮುಚ್ಚಿದ ಹಾಗೆ. ನನಗೆ ಮೈಯೆಲ್ಲ ಉರಿಯಿತು.

"ಬೀಗ ಇಲ್ದಿರೋ ಹಳೇ ರೂಟರ್ ಎಲ್ಲಾದ್ರೂ ಸಿಕ್ತದೇನೋ ಹುಡುಕ್ತೀನಿ ಅಕ್ಕ. ಒಸಿ ಟೈಮ್ ಕೊಡು," ಎಂದೆ.

"ನಾನ್ ಕೊಡ್ತೀನಿ ಕಣೋ. ಹುಳ ಕೊಡ್ತವಾ?"

ಅವಳು ರೇಗಲಿಲ್ಲ. ರೇಗಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊಲಿಗೆ ಟೀಚರಿಗೆ ಫೋನ್ ಮಾಡಿದಳು.

"ಮೇಡಂ, ನಾನಿನ್ನು ಬರಕಾಗಕಿಲ್ಲ. ನನ್ನ ಮಿಷನ್ನು ಯಾರಿಗಾದ್ರೂ ಕೊಟ್ಬುಡಿ."