ಡೀನ್ ಸಾಹೇಬರ ಹೊಲದ ಕಳೆ
ಕೃಷಿ ಕಾಲೇಜಿನ ಪ್ರಯೋಗದ ಹೊಲದಲ್ಲಿ ಕಳೆ ಕಿತ್ತ ಹೆಂಗಸರಿಗೆ ಮೂರು ತಿಂಗಳ ಕೂಲಿ ಇನ್ನೂ ಬಾಕಿ, ಡೀನ್ ಸಾಹೇಬರಿಗೋ ಇಪ್ಪತ್ತು ವರ್ಷದಾಚೆಯ ಅನ್ನದ್ದೇ ಚಿಂತೆ. ಬೆಳಿಗ್ಗೆ ಯೋಜನಾ ಸಭೆ, ಮಧ್ಯಾಹ್ನ ಅದರ ಉಪಸಮಿತಿ, ಸಂಜೆ ಕಾಫಿ ಕುಡಿಯುವುದಕ್ಕೂ ಒಂದು ಮುನ್ನೋಟ. "ನಮ್ಮ ಕೂಲಿ ಏನಾಯ್ತು ಸಾಹೇಬ್ರೆ?" ಅಂದರೆ, "ಮುಂದಿನ ಯೋಜನೇಲಿ ಸೇರಿಸೋಣ ತಾಯಿ" ಅನ್ನುತ್ತಾರೆ. "ಹಾಗಾದ್ರೆ ನಮ್ಮ ಹೊಟ್ಟೆಗೂ ಅಲ್ಲೀವರೆಗೆ ಸುಮ್ನಿರೋಕೆ ನೀವೇ ಹೇಳಿ" ಎಂದು ಹೆಂಗಸರು ಕೆಲಸ ಬಿಟ್ಟರು. ಕಳೆ ಪೈರನ್ನು ನುಂಗಿತು. ಸಾಹೇಬರು ಒಂಚೂರೂ ಅಳುಕದೆ "ಕಳೆ ಸಹಿಸುವ ತಳಿಯ ಪ್ರಯೋಗ" ಎಂದು ಬೋರ್ಡು ಬದಲಿಸಿದರು. ಇದೇ ಮನುಷ್ಯ ಮೇಜಿನ ಮೇಲೆ ಬಿದ್ದ ಅಗುಳನ್ನು ಯಾರಿಗೂ ಕಾಣದಂತೆ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಹಸಿವಿನಲ್ಲೇ ಬೆಳೆದವರು, ಗೊತ್ತಿಲ್ಲದವರಲ್ಲ. ಅವರ ಭಾಷಣಕ್ಕೆ ಚಪ್ಪಾಳೆ ತಟ್ಟುವವರೇ, ನಾಳೆ ಸಭೆಯಲ್ಲಿ ಎದ್ದು ನಿಂತು ಕೇಳಿ: ಆ ಹೆಂಗಸರ ದುಡ್ಡೆಲ್ಲಿ?