ಎರಡು ಗಂಟಿನ ಹಸಿರು

ಬೆಳಿಗ್ಗೆ ಒಂಬತ್ತು ಹೊಡೆದ ಕೂಡಲೇ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಕುಂಚಗಳನ್ನು ಉದ್ದದ ಪ್ರಕಾರ ಸಾಲಾಗಿಟ್ಟು, ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುವುದು ನನ್ನ ಪದ್ಧತಿ. ಒಂಬತ್ತೂ ಐದಕ್ಕೆ ತೆಗೆದರೆ ಆ ದಿನ ಬಣ್ಣ ಸರಿಯಾಗಿ ಕೂರುವುದಿಲ್ಲ ಎಂದು ನನ್ನ ನಂಬಿಕೆ. ನೀವು ನಗಬಹುದು. ಇವತ್ತು ಮುಚ್ಚಳ ತೆಗೆದಾಗ ಟರ್ಪೆಂಟೈನ್ ವಾಸನೆಯ ಜೊತೆಗೆ ಬೆರಳಿಗೊಂದು ದಾರ ತಗಲಿತು. ಡಬ್ಬಿಯ ಕೊರಳಿಗೆ ಕಟ್ಟಿದ ಬಿಳಿ ದಾರ, ಅದರಲ್ಲಿ ಎರಡು ಗಂಟು. ಎರಡು ಗಂಟೆಂದರೆ ಹಸಿರು. ನಮ್ಮ ಮನೆಯಲ್ಲಿ ಈ ಪದ್ಧತಿಗೆ ನಲವತ್ತು ವರ್ಷ ದಾಟಿತು.

ಆಗ ನಾನು ಮಾನ್ವಿಯ ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದೆ. ನೀರಾವರಿ ಜಮೀನಿಗೆ ಹಸಿರು, ಒಣ ಬೇಸಾಯಕ್ಕೆ ಕಂದು, ಕಾಲುವೆಗೆ ನೀಲಿ. ನನ್ನ ಕಣ್ಣಿಗೋ ಹಸಿರೂ ಕಂದೂ ಒಂದೇ ತೊಟ್ಟಿಲಿನ ಅವಳಿಗಳು. ಪೆನ್ಸಿಲಿನ ಮೇಲೆ ಅಚ್ಚಾದ ಹೆಸರು ಓದಿ ಕೆಲಸ ಸಾಗಿಸುತ್ತಿದ್ದೆ. ಕೆತ್ತಿ ಕೆತ್ತಿ ಹೆಸರು ಅಳಿಯಿತೆಂದರೆ ಅರ್ಧ ಉಳಿದ ಪೆನ್ಸಿಲನ್ನು ಎಸೆದು ಹೊಸದು ಕೇಳುತ್ತಿದ್ದೆ. ಸಾಹೇಬರು ನನ್ನನ್ನು ದುಂದುಗಾರ ಅಂದುಕೊಂಡಿದ್ದರು. ಕುರುಡ ಅನ್ನಿಸಿಕೊಳ್ಳುವುದಕ್ಕಿಂತ ದುಂದುಗಾರ ಅನ್ನಿಸಿಕೊಳ್ಳುವುದು ವಾಸಿ ಎಂದು ಸುಮ್ಮನಿದ್ದೆ.

ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ, ಅವಸರದ ನಕ್ಷೆಯೊಂದನ್ನು ಮನೆಗೆ ತಂದು ಬಣ್ಣ ತುಂಬುತ್ತ ಕೂತಿದ್ದೆ. ಹೆಂಡತಿ ಶರಣಮ್ಮ ಚಹಾ ತಂದವಳು ಭುಜದ ಮೇಲಿಂದ ಬಗ್ಗಿ ನೋಡಿದಳು.

“ಇದೇನ್ರಿ, ಕಾಲುವಿ ಮಗ್ಗಲದ ಗದ್ದಿ ಎಲ್ಲಾ ಒಣಗಿಸಿಬಿಟ್ಟೀರಲ್ಲ?”

ಅಲ್ಲಿಯವರೆಗೆ ಯಾರಿಗೂ ಹೇಳದ ಮಾತನ್ನು ಅವಳಿಗೆ ಹೇಳಿದೆ. ಅವಳು ನಗಲಿಲ್ಲ, ಅಯ್ಯೋ ಅನ್ನಲೂ ಇಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಪ್ರತಿ ಪೆನ್ಸಿಲಿನ ಕೆತ್ತದ ತುದಿಗೆ ಒಂದೊಂದು ದಾರ. ಒಂದು ಗಂಟು ಕೆಂಪಿಗೆ, ಎರಡು ಹಸಿರಿಗೆ, ಮೂರು ಕಂದಿಗೆ.

ಅವಳ ತವರು ದೇವದುರ್ಗದ ಆಚೆ, ಕೃಷ್ಣೆಯ ದಂಡೆಯ ಗೂಗಲ್ ಎಂಬ ಹಳ್ಳಿ. ಅಲ್ಲಿಗೆ ಮೊದಲ ಸಲ ಹೋದಾಗ ಮಾವನವರ ಹೊಲದಲ್ಲಿ ಹಣ್ಣಾದ ಮೆಣಸಿನಕಾಯಿ ಬಿಡಿಸುತ್ತಿದ್ದರು. ಹೊಸ ಅಳಿಯ ಸುಮ್ಮನೆ ಬದುವಿನ ಮೇಲೆ ನಿಲ್ಲಬಾರದೆಂದು ನಾನೂ ಸಾಲಿಗಿಳಿದೆ. ನನ್ನ ಬುಟ್ಟಿ ನೋಡಿ ಮಾವನವರು, “ಅಳಿಯಂದ್ರ, ಹಣ್ಣು ಗಿಡದಾಗ ಬಿಟ್ಟು ಹಸೀವೇ ಹರದೀರಲ್ಲರೀ” ಅಂದರು. ಹಿಂದಿನ ಸಾಲಿನಿಂದ ಶರಣಮ್ಮ ತಲೆ ಎತ್ತದೆ, “ಭಜಿ ಮಾಡಾಕ ನಾನೇ ಹೇಳೀನಿ ಯಪ್ಪಾ” ಅಂದಳು. ಸಂಜೆ ಆ ಖಾರದ ಕಾಯಿಗಳ ಭಜಿ ತಿಂದು ಇಡೀ ಮನೆಯವರ ಕಣ್ಣಲ್ಲಿ ನೀರು ಬಂತು. ನನ್ನ ಗುಟ್ಟು ಮಾತ್ರ ಹೊರಬರಲಿಲ್ಲ.

ಹೀಗೆ ಮರೆಮಾಚುವ ವಿದ್ಯೆಯಲ್ಲಿ ನಾನು ಹಳಬ. ಅದಕ್ಕೊಂದು ಶಾಸ್ತ್ರವಿದೆಯೆಂದು ತಿಳಿದದ್ದು ನಿವೃತ್ತನಾಗಿ ರಾಯಚೂರಿಗೆ ಬಂದು, ಕಟ್ಟಿಗೆಯ ಪುಟ್ಟ ಮಾದರಿಗಳನ್ನು ಮಾಡುವ ಗೀಳು ಹತ್ತಿದ ಮೇಲೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಓಡಿಸುತ್ತಿದ್ದ ಟಾರ್ಪಿಡೊ ದೋಣಿಗಳ ಮೇಲೆ ನನಗೆ ಮನಸ್ಸಾಯಿತು. ಮರದ ಮೈಯ ಸಣ್ಣ ದೋಣಿಗಳು. ನೀರೊಳಗೆ ಸಿಡಿಗುಂಡು ಬಿಟ್ಟು ದೊಡ್ಡ ಹಡಗುಗಳನ್ನು ಮುಳುಗಿಸಲು ಹೊರಟವು. ಸಮುದ್ರವನ್ನು ಜನ್ಮದಲ್ಲಿ ಎರಡೇ ಸಲ ನೋಡಿದವನಿಗೆ, ಕೃಷ್ಣೆಯ ಹರಿಗೋಲಿನಲ್ಲಿ ಕಣ್ಣು ಮುಚ್ಚಿ ಕೂರುವವನಿಗೆ, ಇದೆಲ್ಲ ಯಾಕೆ ಎಂದು ಕೇಳಬೇಡಿ.

ದೋಣಿ ಕಟ್ಟುವುದು ಸುಲಭ, ಅದರ ಬಣ್ಣ ಪತ್ತೆ ಮಾಡುವುದು ಕಷ್ಟ. ದಿನಾ ಹತ್ತರಿಂದ ಹನ್ನೆರಡರವರೆಗೆ ಕಂಪ್ಯೂಟರಿನ ಮುಂದೆ ಕೂತು ಹುಡುಕಿ, ಸಿಕ್ಕದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಸಿಕ್ಕ ಫೋಟೋಗಳೆಲ್ಲ ಕಪ್ಪು ಬಿಳುಪಿನವು. ಅವುಗಳ ಮುಂದೆ ಜಗತ್ತಿನ ಎಲ್ಲರೂ ನನ್ನ ಸರಿಸಮ ಎಂಬುದೊಂದು ಸಮಾಧಾನ. ವೈರಿಯ ಕಣ್ಣು ತಪ್ಪಿಸಲು ಯಾವ ದೋಣಿಗೆ ಯಾವ ಬಣ್ಣವೆಂದು ಕಾಗದದಲ್ಲಿ ನಿಯಮಗಳಿದ್ದರೂ, ದೂರದ ದ್ವೀಪಗಳಲ್ಲಿ ನಾವಿಕರು ಕೈಗೆ ಸಿಕ್ಕದ್ದನ್ನು ಬೆರೆಸಿ ಬಳಿದದ್ದುಂಟಂತೆ. ಕೆಲವಕ್ಕೆ ಜೀಬ್ರಾದ ಹಾಗೆ ಅಡ್ಡಾದಿಡ್ಡಿ ಪಟ್ಟೆ.

“ಪಟ್ಟಿ ಬಳದ್ರ ಮುಚ್ಚತದೇನ್ರಿ? ಇನ್ನಾ ಎದ್ದು ಕಾಣ್ತದ,” ಅಂದಳು ಶರಣಮ್ಮ.

“ಕಂಡರ ಕಾಣಲಿ. ಯಾವ ಕಡಿ ಹೊಂಟದ ಅಂತ ವೈರಿಗೆ ತಿಳೀಬಾರದು, ಅಷ್ಟ.”

“ಹಂಗಾದ್ರ ನಿಮ್ಮ ಹಂಗ,” ಎಂದು ಒಳಗೆ ಹೋದಳು.

ನಾನು ಪಟ್ಟೆ ಬಿಟ್ಟು, ಕಾಡಿನ ಅಂಚಿನಲ್ಲಿ ಅಡಗುವ ದೋಣಿಯ ಹಸಿರು ತೇಪೆಗಳನ್ನು ಆರಿಸಿಕೊಂಡೆ. ಬಣ್ಣಗಳನ್ನು ಬೆರೆಸಿ ಸಣ್ಣ ಡಬ್ಬಿಗಳಲ್ಲಿ ತುಂಬುವುದು ನನ್ನ ಕೆಲಸ, ನೋಡಿ ಹೇಳಿ ಗಂಟು ಹಾಕುವುದು ಅವಳ ಕೆಲಸ. ನನಗೆ ಬರೀ ಬೂದಾಗಿ ಕಂಡ ಒಂದು ಡಬ್ಬಿಯನ್ನು ಕಿಟಕಿಗೆ ಹಿಡಿದು, “ಇದು ಮಾಸಿದ ಹಸಿರು, ಚೆಂದ ಅದ” ಎಂದು ಎರಡು ಗಂಟು ಹಾಕಿದಳು. ಒಂದು ಬದಿ ಪೂರ್ತಿ ಮುಗಿಯದೆ ಇನ್ನೊಂದನ್ನು ಮುಟ್ಟುವವನಲ್ಲ ನಾನು. ಆ ಡಬ್ಬಿಯಿಂದಲೇ ಎಡಬದಿ ಮುಗಿಸಿ ದೋಣಿಯನ್ನು ಕಪಾಟಿನಲ್ಲಿಟ್ಟೆ.

ಆಮೇಲೆ ಅವಳ ಬಲಗಣ್ಣಿನ ಪೊರೆ ತೆಗೆಸಿದೆವು. ಕಪ್ಪು ಕನ್ನಡಕ ಬಿಟ್ಟ ದಿನ ಕಪಾಟಿನ ಮುಂದೆ ನಿಂತಳು. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದನ್ನು ಮುಚ್ಚಿ ನೋಡಿದಳು.

“ಇದು ಹಸಿರಲ್ಲರೀ. ನೀಲಿ. ಬೂದಿ ಕಲಸಿದಂಥ ನೀಲಿ.”

ಪೊರೆ ಬಂದ ಕಣ್ಣಿಗೆ ಹಳದಿ ಪರದೆ ಬಿದ್ದಂತಿರುತ್ತದೆ, ನೀಲಿ ಹಸಿರಾಗಿ ಕಂಡರೆ ಆಶ್ಚರ್ಯವಿಲ್ಲ ಎಂದು ಹೇಳಿ ನೋಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ. “ಎಷ್ಟು ವರ್ಷದಿಂದ ತಪ್ಪು ಹೇಳಾಕತ್ತಿದ್ನೋ ಏನೋ. ನನ್ನ ನಂಬಿ ಏನೇನು ಮಾಡೀರೋ. ಇನ್ನ ನನ್ನ ಕೇಳಬ್ಯಾಡ್ರಿ.” ಕತ್ತರಿ ತಂದು ಡಬ್ಬಿಗಳ ದಾರಗಳನ್ನೆಲ್ಲ ಕತ್ತರಿಸಿಹಾಕಿದಳು.

ಅಂಗಿ ಹಿಡಿದು ಇದು ಯಾವ ಬಣ್ಣ ಎಂದರೆ, “ಗೊತ್ತಿಲ್ಲರೀ.” ಟೊಮೆಟೊ ಹಣ್ಣಾಗಿದೆಯೇ ಎಂದರೆ, “ಒತ್ತಿ ನೋಡ್ರಿ.” ಬಣ್ಣದ ಹೆಸರು ಹೇಳುವ ಫೋನುಗಳಿವೆಯಂತೆ, ನನ್ನ ಕೆಲಸ ನಿಲ್ಲುತ್ತಿರಲಿಲ್ಲ. ಆದರೆ ದಿನಕ್ಕೆ ಹತ್ತು ಸಲ ಕೇಳಿ ಹತ್ತು ಸಲ ಹೇಳಿಸಿಕೊಳ್ಳುತ್ತಿದ್ದ ಮಾತು ನಿಂತದ್ದೇ ಮನೆ ಬಣಗುಟ್ಟಿತು. ಹದಿನೈದು ದಿನ ನೋಡಿದೆ. ಹದಿನಾರನೆಯ ದಿನ ಒಂಬತ್ತಕ್ಕೆ ಸರಿಯಾಗಿ ಒಂದು ಡಬ್ಬಿ ಆರಿಸಿ, ನಾನೇ ತಡವರಿಸುತ್ತ ದಾರ ಕಟ್ಟಿ ಎರಡು ಗಂಟು ಹಾಕಿ, ಬಲಬದಿಗೆ ಬಳಿಯತೊಡಗಿದೆ. ಅವಳು ಸೊಪ್ಪು ಸೋಸುತ್ತ ಬಾಗಿಲಲ್ಲಿ ಕೂತಿದ್ದಳು. ಕುಂಚವನ್ನು ಒಂದು ಸಲ ಎಳೆದೆ, ಎರಡು ಸಲ ಎಳೆದೆ. ಮೂರನೆಯದಕ್ಕೆ ಸೊಪ್ಪಿನ ತಟ್ಟೆ ನೆಲಕ್ಕಿಟ್ಟ ಸದ್ದು.

“ಕೈ ತಗೀರಿ. ಅದು ಕಂದು.”

“ಖಾತ್ರಿ ಏನು?”

“ನಿಮಗಿಂತ ಖಾತ್ರಿ ಅದ. ಸರೀರಿ ಅತ್ತಾಗ.”

ಉಪಾಯ ಮಾಡಿ ಗೆದ್ದೆನೆಂದು ಹೇಳಿಕೊಳ್ಳಲು ನನಗೂ ಆಸೆ. ನಿಜವಾಗಿ ಅದನ್ನು ನಾನು ಹಸಿರೆಂದೇ ತಿಳಿದಿದ್ದೆ. ಅವಳು ನನ್ನ ಗಂಟುಗಳನ್ನು ಬಿಚ್ಚಿ, “ಗಂಟು ಹಾಕೂದೂ ಬರಂಗಿಲ್ಲ” ಎನ್ನುತ್ತ ಮತ್ತೊಂದು ಡಬ್ಬಿಗೆ ಹೊಸ ದಾರ ಕಟ್ಟಿಕೊಟ್ಟಳು. ಬಲಬದಿ ಅದರಲ್ಲೇ ಮುಗಿಯಿತು.

ಇವತ್ತು ಬೆರಳಿಗೆ ತಗಲಿದ್ದು ಅದೇ ದಾರ. ಎರಡೂ ಬದಿ ಒಂದೇ ಬಣ್ಣವಿರಬೇಕಲ್ಲ, ಎಡಬದಿಯ ನೀಲಿಯನ್ನು ಮುಚ್ಚಿಬಿಡೋಣವೆಂದು ಕುಂಚ ಅದ್ದಿದೆ. ಅವಳ ಇನ್ನೊಂದು ಕಣ್ಣಿನ ಪೊರೆ ತೆಗೆಯುವುದು ಬರುವ ಸೋಮವಾರ. ಅವಳು ಮೇಜಿನ ಹತ್ತಿರ ಬಂದು, ಅಂಗೈಯಿಂದ ಹೊಸ ಕಣ್ಣು ಮುಚ್ಚಿಕೊಂಡು, ದೋಣಿಯ ಎಡಬದಿಯನ್ನು ಬಹಳ ಹೊತ್ತು ನೋಡಿದಳು.

“ಈ ಕಣ್ಣಿಗೆ ಇನ್ನೂ ಹಸಿರೇ ಅದ ನೋಡ್ರಿ.”

ನನಗದು ಬೂದು. ಸೋಮವಾರದ ಮೇಲೆ ಅವಳ ಆ ಕಣ್ಣಿಗೂ ಅದು ನೀಲಿ. ಎಡಬದಿಯನ್ನು ಮುಟ್ಟದೆ ಕುಂಚವನ್ನು ತೊಳೆದು ಡಬ್ಬಿಗೆ ಮುಚ್ಚಳ ಹಾಕಿದೆ. ಗಂಟೆ ಇನ್ನೂ ಒಂಬತ್ತೂ ಹತ್ತು. ಇಷ್ಟು ಬೇಗ ಕೆಲಸ ಎತ್ತಿಟ್ಟದ್ದು ನನಗೆ ನೆನಪಿಲ್ಲ. ಆಮೇಲೆ ನೋಟ್‌ಬುಕ್ಕು ತೆಗೆದು, ಎಡಬದಿಯ ಬಣ್ಣ ಎಂಬಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ದುಂಡಗೆ ಬರೆದೆ: ಹಸಿರು, ಎರಡು ಗಂಟು.