ನಾಲ್ಕನೇ ನಟ್

ಕೊರೊನಾ ಕಾಲ ಕಳೆದು ಎರಡು ವರ್ಷವಾಗಿತ್ತು. ಆಗ ನಾನು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನನ್ನದೇ ಗ್ಯಾರೇಜ್ ನಡೆಸುತ್ತಿದ್ದೆ. ಮೆಕ್ಯಾನಿಕ್ ಕೆಲಸಕ್ಕೆ ಇಳಿದು ಮೂವತ್ತು ವರ್ಷದ ಮೇಲಾಗಿತ್ತು. ಲಾರಿಯ ಎಂಜಿನ್ ಇಳಿಸಿದ್ದೇನೆ, ಟ್ರ್ಯಾಕ್ಟರಿನ ಗೇರ್‌ಬಾಕ್ಸ್ ಬಿಚ್ಚಿ ಕೂಡಿಸಿದ್ದೇನೆ. ಆದರೂ ಈ ವೃತ್ತಿಯಲ್ಲಿ ಮರೆಯಲಾಗದ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಹೆಬ್ಬೆರಳ ಗಾತ್ರದ ಒಂದು ನಟ್. ಅದನ್ನು ಬಿಚ್ಚಲು ಮೂರು ದಿನ ಹಿಡಿಯಿತು. ಬಿಚ್ಚಲಾಗದಂತೆ ಅದನ್ನು ಕೆಡಿಸಿದವನೂ ನಾನೇ.

ಮೊದಲು ಮಾದೇವನ ವಿಷಯ ಹೇಳಬೇಕು. ನಾನೂ ಅವನೂ ಮಂಡಿಪೇಟೆಯ ಹಿಂದಿನ ಒಂದು ಲಾರಿ ಗ್ಯಾರೇಜಿನಲ್ಲಿ ಒಬ್ಬರೇ ಉಸ್ತಾದರ ಕೈಕೆಳಗೆ ಕೆಲಸ ಕಲಿತವರು. ವಯಸ್ಸಿನಲ್ಲಿ ಆರು ತಿಂಗಳ ಅಂತರ. ನಾನು ಬೇಗ ಕೆಲಸ ಮುಗಿಸುತ್ತಿದ್ದೆ, ಅವನು ನಿಧಾನ. ಆದರೆ ದೂರದ ಊರಿನ ಲಾರಿ ಬಂದಾಗ ಉಸ್ತಾದ್ ಕರೆಯುತ್ತಿದ್ದುದು ಅವನನ್ನೇ. "ಈರಣ್ಣ ಬಿಚ್ಚಿದ್ದನ್ನ ಇನ್ನೊಮ್ಮೆ ನೋಡ್ಬೇಕು. ಮಾದೇವ ಬಿಚ್ಚಿದ್ದನ್ನ ನೋಡಂಗಿಲ್ಲ," ಎಂದು ಒಮ್ಮೆ ಎಲ್ಲರೆದುರು ಅಂದುಬಿಟ್ಟರು. ನನಗಾಗ ಇಪ್ಪತ್ತೆರಡು. ಆ ಮಾತು ಎಲ್ಲಿ ಹೋಗಿ ಕೂತಿತೋ, ಅಲ್ಲಿಂದ ಏಳಲೇ ಇಲ್ಲ.

ಮುಂದೆ ಮಾದೇವ ಹರಿಹರದಲ್ಲಿ ಗ್ಯಾರೇಜ್ ತೆಗೆದ, ನಾನು ದಾವಣಗೆರೆಯಲ್ಲಿ. ನಡುವೆ ಹದಿನಾಲ್ಕು ಕಿಲೋಮೀಟರ್. ಬಸ್ಸಿನಲ್ಲಿ ಹರಿಹರ ದಾಟುವಾಗಲೆಲ್ಲ ಕಿಟಕಿಯಿಂದ ಬಗ್ಗಿ ಅವನ ಗ್ಯಾರೇಜಿನ ಮುಂದೆ ಎಷ್ಟು ಗಾಡಿ ನಿಂತಿವೆ ಎಂದು ಎಣಿಸುತ್ತಿದ್ದೆ. ಒಮ್ಮೆ ಒಂದೇ ಒಂದು ಗಾಡಿ ಕಂಡಿತು. ಆ ದಿನವೆಲ್ಲ ನನಗೆ ಹಗುರವಾಗಿತ್ತು. ಹಾಗೆಂದು ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಮದುವೆ ಮನೆಗಳಲ್ಲಿ ಸಿಕ್ಕರೆ ಅವನು ಕೈ ಹಿಡಿದು ಮಾತಾಡಿಸುತ್ತಿದ್ದ. ನಾನು ನಗುತ್ತಿದ್ದೆ. ಉರಿ ಇದ್ದದ್ದು ನನ್ನೊಬ್ಬನಲ್ಲೇ.

ಆ ವರ್ಷದ ಒಂದು ಬೆಳಿಗ್ಗೆ ಫೋನ್ ಬಂತು. ಮಾತಾಡಿದವರು ಶಾಂತಕ್ಕ. ದಾವಣಗೆರೆಯ ಸರಸ್ವತಿ ನಗರದ ವ್ಯಾಪಾರಸ್ಥರ ಮನೆಯ ಹೆಣ್ಣುಮಗಳು. ಹರಿಹರದ ಹೊರಗೆ, ಹೊಳೆಯ ಕಡೆಗೆ, ಸಸಿಗಳ ನರ್ಸರಿ ಇಟ್ಟುಕೊಂಡು ಅಲ್ಲೇ ಮನೆ ಮಾಡಿಕೊಂಡಿದ್ದರು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವರ ಎರಡೂ ಕಾಲಿಗೆ ಬಲವಿರಲಿಲ್ಲ. ನರ್ಸರಿಯ ಮಣ್ಣಿನಲ್ಲಿ ಗಾಲಿಕುರ್ಚಿ ಓಡುವುದಿಲ್ಲ. ಅದಕ್ಕೆ ಅವರ ಅಣ್ಣ ಹನ್ನೊಂದು ವರ್ಷದ ಹಿಂದೆ ಒಂದು ಎಟಿವಿ ತಂದುಕೊಟ್ಟಿದ್ದರು. ಎಟಿವಿ ಎಂದರೆ ದಪ್ಪ ಟೈರಿನ ನಾಲ್ಕು ಚಕ್ರಗಳ, ಬೈಕಿನಂಥ ಹ್ಯಾಂಡಲ್ ಇರುವ ಗಾಡಿ. ರಸ್ತೆಗೆ ತರುವಂತಿಲ್ಲ, ಹೊಲ ತೋಟಗಳಲ್ಲಷ್ಟೇ ಓಡಿಸಬೇಕು. ಹೆಬ್ಬೆರಳಲ್ಲಿ ಒತ್ತಿದರೆ ವೇಗ, ಬೆರಳಲ್ಲಿ ಹಿಡಿದರೆ ಬ್ರೇಕ್. ಕಾಲಿನ ಕೆಲಸವೇ ಇಲ್ಲ.

"ಮುಂದಿನ ಬಲಗಡೆ ಚಕ್ರ ಗರಗರ ಅಂತೈತ್ರಿ. ಅಲ್ಲಾಡ್ತಾನೂ ಐತೆ," ಎಂದರು. "ಮಾದೇವಣ್ಣ ಮಗಳ ಮನೆಗೆ ಹೋಗ್ಯಾನೆ, ಬರೋದು ವಾರ ಆಗ್ತೈತಂತೆ. ನೀವು ಬರ್ತೀರೇನ್ರಿ?"

ಮಾದೇವನ ಗಿರಾಕಿ! ನನಗೆ ಒಳಗೊಳಗೇ ಹಬ್ಬವಾಯಿತು. ಅವನು ಬರುವುದರೊಳಗೆ ಕೆಲಸ ಮುಗಿಸಿ, ಆ ಗಾಡಿಯನ್ನು ಕಾಯಮ್ಮಾಗಿ ನನ್ನ ಕಡೆ ಎಳೆದುಕೊಳ್ಳಬೇಕು ಎಂದುಕೊಂಡೆ. ಹೊಸ ಬೇರಿಂಗ್ ಕೊಂಡುಕೊಂಡು, ಅವಸರದಲ್ಲಿ ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟೆ.

ಹೋದ ಕೂಡಲೇ ಗಾಡಿಯ ಸುತ್ತ ಒಂದು ಸುತ್ತು ಬಂದು ನೋಡಿದೆ. ಮಾದೇವನ ಕೈ ಎಲ್ಲ ಕಡೆ ಎದ್ದು ಕಾಣುತ್ತಿತ್ತು. ಕೇಬಲ್ಲುಗಳನ್ನು ಒಪ್ಪವಾಗಿ ಕಟ್ಟಿದ್ದ. ಯಾವ ತಿಂಗಳು ಯಾವ ಆಯಿಲ್ ಹಾಕಿದ್ದೆಂದು ಸೀಟಿನ ಕೆಳಗೆ ಚೀಟಿ ಅಂಟಿಸಿದ್ದ. ಶಾಂತಕ್ಕ ಬೆನ್ನು ಆನಿಸಿಕೊಳ್ಳಲು ಹಿಂದೆ ಒಂದು ಒರಗು ಮಾಡಿ, ಅದರ ಅಂಚು ತಾಗದಿರಲಿ ಎಂದು ಹಳೆಯ ಟ್ಯೂಬ್ ಸುತ್ತಿದ್ದ. ಹುಳುಕು ಹುಡುಕಿದೆ. ಸಿಗಲಿಲ್ಲ.

ಚಕ್ರಕ್ಕೆ ನಾಲ್ಕು ನಟ್. ಅಳತೆ ಹದಿನೇಳು ಮಿಲಿಮೀಟರ್. ಚೀಲಕ್ಕೆ ಕೈ ಹಾಕಿದರೆ ಹದಿನೇಳರ ಸಾಕೆಟ್ ಇಲ್ಲ. ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದೆ. ಸಾಕೆಟ್ ಎಂದರೆ ನಟ್ಟಿನ ಮೇಲೆ ಟೋಪಿಯಂತೆ ಕೂರುವ ಪಾನಾ. ಅದು ಬಿಗಿಯಾಗಿ ಕೂತರೆ ಮಾತ್ರ ನಟ್ಟಿನ ಆರೂ ಮೂಲೆಗಳ ಮೇಲೆ ಬಲ ಸಮನಾಗಿ ಬೀಳುತ್ತದೆ. ಎರಡು ಕಿಲೋಮೀಟರ್ ದೂರದಲ್ಲಿ ಮಾದೇವನ ಗ್ಯಾರೇಜಿತ್ತು, ಲೆಕ್ಕಪತ್ರ ನೋಡಿಕೊಳ್ಳುವ ಅವನ ತಮ್ಮ ಅಲ್ಲಿದ್ದ. ಹೋಗಿ ಕೇಳಿ ತಂದಿದ್ದರೆ ಅರ್ಧ ಗಂಟೆಯ ಕೆಲಸ. ಮಾದೇವನ ಗ್ಯಾರೇಜಿಗೆ ಹೋಗಿ ನಾನು ಸಾಕೆಟ್ ಕೇಳುವುದೇ? ಚೀಲದಲ್ಲಿ ಹದಿನೆಂಟರದ್ದಿತ್ತು. ಒಂದು ಮಿಲಿಮೀಟರ್ ತಾನೆ ಎಂದು ಅದನ್ನೇ ಬ್ಯಾಟರಿಯ ಇಂಪ್ಯಾಕ್ಟ್ ಗನ್ನಿಗೆ ಸಿಕ್ಕಿಸಿದೆ. ಬಡಿದು ಬಡಿದು ತಿರುಗಿಸುವ ಯಂತ್ರ ಅದು.

ಮೂರು ನಟ್ ಸಲೀಸಾಗಿ ಬಂದವು. ನಾಲ್ಕನೆಯದು ನೀರು ಕುಡಿದು ತುಕ್ಕು ಹಿಡಿದಿತ್ತು. ಗನ್ ಒತ್ತಿದೆ. ಕರ್ರೆಂದು ಸದ್ದಾಯಿತು. ತೆಗೆದು ನೋಡಿದರೆ ಆರು ಮೂಲೆಗಳೂ ಸವೆದು ನಟ್ ಗೋಲಿಯಂತೆ ಗುಂಡಗಾಗಿತ್ತು.

ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಶಾಂತಕ್ಕ, "ಏನಾತ್ರಿ?" ಎಂದರು.

ನನ್ನ ಬಾಯಿಂದ ಬಂದದ್ದು ಇದು: "ಮಾದೇವ ಹೋದ ಸಲ ಸಿಕ್ಕಾಪಟ್ಟೆ ಟೈಟ್ ಮಾಡ್ಯಾನಕ್ಕ. ನಟ್ಟೇ ಕೆಟ್ಟೋಗೈತೆ."

ಅವರು ಗಾಡಿಯ ಕಡೆ ನೋಡಿದರು. "ಮಾದೇವಣ್ಣ ಹಂಗೆಲ್ಲ ಮಾಡೋನಲ್ಲ," ಎಂದಷ್ಟೇ ಹೇಳಿದರು.

ಆ ಮಾತಿಗೆ ನನ್ನ ಮೈಯೆಲ್ಲ ಕಾದುಹೋಯಿತು. ಚಿಕ್ಕ ಸಾಕೆಟ್ಟನ್ನು ನಟ್ಟಿನ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸಿದೆ. ಜಾರಿತು. ಉಳಿಯಿಟ್ಟು ಹೊಡೆದೆ. ನಟ್ ಇದ್ದದ್ದು ರಿಮ್ಮಿನ ಕುಳಿಯೊಳಗೆ, ಉಳಿ ಜಾರಿ ರಿಮ್ಮಿಗೆ ಗೀರು ಬಿತ್ತು. ಇಕ್ಕಳದ ಬಾಯಿಗೆ ಒಳಹೋಗಲು ಜಾಗವೇ ಇರಲಿಲ್ಲ. ಸಂಜೆಯಾಯಿತು. ಬಿಚ್ಚಿದ್ದ ಮೂರು ನಟ್ಟನ್ನು ಕೈಯಲ್ಲೇ ತಿರುಗಿಸಿಟ್ಟು ದಾವಣಗೆರೆಗೆ ಮರಳಿದೆ.

ಮರುದಿನ ಮಂಡಿಪೇಟೆಯಲ್ಲಿ ಟ್ವಿಸ್ಟ್ ಸಾಕೆಟ್ ಕೊಂಡೆ. ಅದರ ಒಳಗೆ ತಿರುಚಿದ ಹಲ್ಲುಗಳಿರುತ್ತವೆ. ತಿರುಗಿಸಿದಷ್ಟೂ ಗುಂಡಗಾದ ನಟ್ಟನ್ನು ಕಚ್ಚುತ್ತಾ ಹೋಗುತ್ತದೆ. ಮೊದಲ ದಿನವೇ ಹಾಕಿದ್ದರೆ ಬರುತ್ತಿತ್ತು. ಆದರೆ ಅಷ್ಟರಲ್ಲಿ ನಾನು ನಟ್ಟನ್ನು ಎಷ್ಟು ಕೆರೆದಿದ್ದೆನೆಂದರೆ ಹಲ್ಲಿಗೆ ಕಚ್ಚಲು ಏನೂ ಉಳಿದಿರಲಿಲ್ಲ.

ಅಂದು ಮಧ್ಯಾಹ್ನ ಒಂದು ದೃಶ್ಯ ನೋಡಿದೆ. ಶಾಂತಕ್ಕನಿಗೆ ಸಸಿಮಡಿಯ ಹತ್ತಿರ ಹೋಗಬೇಕಿತ್ತು. ನಿಂಬೆ ಸಸಿಗಳಿಗೆ ಏನೋ ರೋಗ ಬಿದ್ದಿತ್ತು. ಇಬ್ಬರು ಕೆಲಸದವರು ಅವರನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ಅವರು ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಯಾರ ಮುಖವನ್ನೂ ನೋಡದೆ ಕೂತಿದ್ದರು. ವಾಪಸ್ಸು ಬಂದ ಮೇಲೆ ನನ್ನನ್ನು ಕರೆದು, "ಈರಣ್ಣ, ಹನ್ನೊಂದು ವರ್ಷದಾಗೆ ನನ್ನ ಯಾರೂ ಹಿಂಗೆ ಹೊತ್ತಿರ್ಲಿಲ್ಲ. ನಾಳೆನಾದ್ರೂ ಮುಗಿಸ್ರಿ," ಎಂದರು. ಆಗಲಾದರೂ ಮಾದೇವನಿಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹರಿಹರದಲ್ಲೇ ವೆಲ್ಡಿಂಗ್ ಯಂತ್ರ ಬಾಡಿಗೆಗೆ ತಂದೆ. ಕೆಟ್ಟ ನಟ್ಟಿನ ಮೇಲೆ ಇನ್ನೊಂದು ದೊಡ್ಡ ನಟ್ ಇಟ್ಟು, ಅದರ ತೂತಿನೊಳಗಿಂದ ಎರಡನ್ನೂ ಬೆಸೆದರೆ ಹೊಸ ನಟ್ಟಿಗೆ ಪಾನಾ ಹಾಕಿ ತಿರುಗಿಸಬಹುದು. ಬೆಸುಗೆಯ ಕಾವಿಗೆ ತುಕ್ಕೂ ಸಡಿಲವಾಗುತ್ತದೆ. ಇದು ಎಲ್ಲ ಮೆಕ್ಯಾನಿಕ್ಕುಗಳೂ ಬಲ್ಲ ಉಪಾಯ. ಶಾಂತಕ್ಕ ತಮ್ಮ ಕುರ್ಚಿಯನ್ನು ಹತ್ತಿರಕ್ಕೆ ತರಿಸಿಕೊಂಡು, ನಾಲ್ಕೈದು ಅಡಿ ದೂರದಲ್ಲಿ ಕೂತಿದ್ದರು. ನಾನು ಮುಖಕ್ಕೆ ಕವಚ ಹಿಡಿದು ರಾಡನ್ನು ನಟ್ಟಿನ ಹತ್ತಿರ ತಂದಿದ್ದೆ.

"ಈರಣ್ಣ! ನಿಲ್ಸು!"

ತಿರುಗಿ ನೋಡಿದರೆ ಗೇಟಿನ ಹತ್ತಿರ ಮಾದೇವ. ಕೈಯಲ್ಲಿ ಪ್ರಯಾಣದ ಚೀಲ ಇನ್ನೂ ಹಾಗೇ ಇತ್ತು. ಹಿಂದಿನ ದಿನ ಶಾಂತಕ್ಕ ಫೋನ್ ಮಾಡಿದ್ದರಂತೆ, ಬಸ್ ಹಿಡಿದು ನೇರವಾಗಿ ಬಂದಿದ್ದ. ಓಡುತ್ತಲೇ ಬಂದು ಯಂತ್ರದ ಸ್ವಿಚ್ ಆರಿಸಿದ.

"ಗಾಳಿ ಬಿಟ್ಟಿಯೇನೋ?" ಎಂದ.

ರಾಡನ್ನು ಕೆಳಗಿಟ್ಟೆ. ಗಾಳಿ ತುಂಬಿದ ಟೈರ್ ಇರುವ ಚಕ್ರಕ್ಕೆ ವೆಲ್ಡಿಂಗ್ ಮಾಡಬಾರದು. ರಿಮ್ ಕಾದರೆ ಒಳಗಿನ ಗಾಳಿಯ ಒತ್ತಡ ಏರುತ್ತದೆ, ರಬ್ಬರ್ ಬೆಂದು ಹೊತ್ತಿಕೊಳ್ಳುವ ಅನಿಲ ಹುಟ್ಟುತ್ತದೆ, ಟೈರ್ ಬಾಂಬಿನಂತೆ ಸಿಡಿಯಬಹುದು. ಮಂಡಿಪೇಟೆಯಲ್ಲಿ ಉಸ್ತಾದ್ ನಮಗೆ ಮೊದಲ ತಿಂಗಳಲ್ಲೇ ಕಲಿಸಿದ ಪಾಠ. ನಾನೇ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೆ. ಮೂರು ದಿನದಿಂದ ತಲೆಯಲ್ಲಿ ಮಾದೇವನೊಬ್ಬನೇ ತುಂಬಿಕೊಂಡಿದ್ದರಿಂದ ಟೈರಿನ ನೆನಪೇ ಆಗಿರಲಿಲ್ಲ. ಶಾಂತಕ್ಕ ಎದ್ದು ಓಡಲಾರದವರು. ಅವರ ಕುರ್ಚಿ ಎಲ್ಲಿದೆ ಎಂದು ಆಗ ನೋಡಿದೆ. ಇವತ್ತಿಗೂ ಆ ದೂರವನ್ನು ನೆನೆಸಿಕೊಂಡರೆ ಬೆವರುತ್ತೇನೆ.

ಮಾದೇವ ಬೈಯಲಿಲ್ಲ. ಕೆಲಸದವರನ್ನು ಕರೆದು ಶಾಂತಕ್ಕನ ಕುರ್ಚಿಯನ್ನು ಮನೆಯ ಗೋಡೆಯ ಆಚೆ ಇಡಿಸಿದ. ವಾಲ್ವಿನ ಪಿನ್ ತೆಗೆದು ಗಾಳಿಯನ್ನು ಪೂರ್ತಿ ಬಿಟ್ಟ, ಪಿನ್ ವಾಪಸ್ಸು ಹಾಕಲಿಲ್ಲ. ಬ್ಯಾಟರಿಯ ವೈರ್ ಬಿಚ್ಚಿದ. ಗೋಣಿಚೀಲ ನೆನೆಸಿ ಟೈರಿಗೆ ಹೊದಿಸಿದ. ಆಮೇಲೆ ಟಾರ್ಚ್ ಬಿಟ್ಟು ನಟ್ಟನ್ನು ನೋಡಿದ. ಬಹಳ ಹೊತ್ತು ನೋಡಿದ. ಪಕ್ಕದ ಮೂರು ನಟ್ಟುಗಳ ಮೂಲೆಗಳನ್ನೂ ಬೆರಳಿನಿಂದ ಸವರಿದ. ಅವುಗಳ ಅಂಚೂ ಒಂದಿಷ್ಟು ಮಡಚಿತ್ತು. ಅಳತೆಗೆ ದೊಡ್ಡದಾದ ಸಾಕೆಟ್ ಹಾಕಿದರೆ ಮಾತ್ರ ಹಾಗಾಗುತ್ತದೆ.

"ಎಷ್ಟನೇದು ಹಾಕಿದ್ದಿ?" ಎಂದು ನನಗಷ್ಟೇ ಕೇಳುವಂತೆ ಕೇಳಿದ.

"ಹದಿನೇಳು," ಎಂದೆ.

ಅವನು ತಲೆಯಾಡಿಸಿದ. ಮತ್ತೆ ಕೇಳಲಿಲ್ಲ. ರಾಡನ್ನು ನನ್ನ ಕಡೆ ಚಾಚಿ, "ವೆಲ್ಡಿಂಗ್ ನೀನೇ ಮಾಡು. ಈಗೀಗ ನನ್ನ ಕೈ ನಡುಗ್ತೈತೆ," ಎಂದ. ಆಗಲೇ ನಾನು ಗಮನಿಸಿದ್ದು. ರಾಡಿನ ತುದಿ ಸಣ್ಣಗೆ ಅದುರುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಖುಷಿಯಾಯಿತು.

ದೊಡ್ಡ ನಟ್ಟಿನ ಹೊಳಪಿನ ಲೇಪವನ್ನೂ ಕೆಟ್ಟ ನಟ್ಟಿನ ತುಕ್ಕನ್ನೂ ಅರದಿಂದ ಉಜ್ಜಿ ತೆಗೆದೆವು. ಅವನು ಉದ್ದನೆಯ ಇಕ್ಕಳದಲ್ಲಿ ದೊಡ್ಡ ನಟ್ಟನ್ನು ಹಿಡಿದ, ಕೈ ಅದುರದಂತೆ ಮೊಣಕೈಯನ್ನು ನೆಲಕ್ಕೆ ಊರಿಕೊಂಡಿದ್ದ. ನಾನು ಬೆಸೆದೆ. "ನೀರು ಹಾಕಬ್ಯಾಡ. ತಾನೇ ಆರಲಿ," ಎಂದ. ಹತ್ತು ನಿಮಿಷ ಕಾದೆವು. ಆಮೇಲೆ ಉದ್ದ ಹಿಡಿಯ ಪಾನಾ ಹಾಕಿದ. ನಾನಾಗಿದ್ದರೆ ಒಂದೇ ಸಲ ಜಗ್ಗುತ್ತಿದ್ದೆ. ಅವನು ಕೂದಲೆಳೆಯಷ್ಟು ಬಿಗಿ ಮಾಡಿದ, ಆಮೇಲೆ ಸಡಿಲ ಮಾಡಿದ, ಮತ್ತೆ ಬಿಗಿ, ಮತ್ತೆ ಸಡಿಲ. ಐದಾರು ಸಲ ಹಾಗೆ ಮಾಡಿದ ಮೇಲೆ ಕಿರ್ರೆಂದು ನಟ್ ತಿರುಗಿತು.

ಶಾಂತಕ್ಕನನ್ನು ಮತ್ತೆ ಈಚೆಗೆ ಕರೆತಂದರು. ಅಂಗೈಯಲ್ಲಿ ಆ ನಟ್ಟನ್ನು ಇಟ್ಟುಕೊಂಡು ನೋಡಿ, ನಮ್ಮಿಬ್ಬರ ಎದುರೇ ಕೇಳಿದರು: "ಮಾದೇವಣ್ಣ, ನೀನು ಹೋದ ಸಲ ಭಾಳ ಟೈಟ್ ಮಾಡಿದ್ದೆಯಂತೆ. ಹೌದೇನು?"

ಮಾದೇವ ನನ್ನ ಕಡೆ ನೋಡಲಿಲ್ಲ. ಕೈ ಒರೆಸಿಕೊಳ್ಳುತ್ತಾ, "ಮಾಡಿರಬೌದು ಬಿಡವ್ವ. ವಯಸ್ಸಾತು," ಎಂದ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಗಾಡಿಯೂ ನನ್ನದಾಗುತ್ತಿತ್ತೋ ಏನೋ. ಆದರೆ ಅವನು ಆ ಮಾತನ್ನು ಅಷ್ಟು ಸುಲಭವಾಗಿ ಆಡಿದ್ದು ನನಗೆ ತಡೆಯಲಾಗಲಿಲ್ಲ. ಪಶ್ಚಾತ್ತಾಪವೆಂದು ಹೇಳಿದರೆ ಸುಳ್ಳಾಗುತ್ತದೆ. ಇದರಲ್ಲೂ ಅವನೇ ದೊಡ್ಡವನಾಗುತ್ತಾನಲ್ಲ ಎಂಬ ಸಂಕಟವೇ ಮೊದಲು ಬಂದದ್ದು.

"ಇಲ್ಲಕ್ಕ," ಎಂದೆ. "ಅವನ ತಪ್ಪಿಲ್ಲ. ಹದಿನೇಳರ ನಟ್ಟಿಗೆ ನಾನು ಹದಿನೆಂಟು ಹಾಕಿದೆ. ನಟ್ ಕೆಡಿಸಿದ್ದು ನಾನು. ನಿಮಗೆ ಸುಳ್ಳು ಹೇಳಿದ್ದೂ ನಾನು. ಈಗ ಇವನಿಗೂ ಸುಳ್ಳೇ ಹೇಳಿದೆ."

ಶಾಂತಕ್ಕ ನನ್ನನ್ನೇ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. "ಬೇರಿಂಗ್ ಹಾಕ್ರಿ," ಎಂದರು. "ನಾನು ನಿಂಬೆ ಸಸಿ ನೋಡಬೇಕು."

ಕೆಟ್ಟ ಬೇರಿಂಗ್ ತೆಗೆದು ಹೊಸದು ಕೂರಿಸಿದೆವು. ಕಾದ ಟೈರನ್ನೂ ಬೋಲ್ಟನ್ನೂ ನಂಬಬಾರದೆಂದು ಮಾದೇವ ತಮ್ಮನಿಗೆ ಹೇಳಿ ಅವೆರಡನ್ನೂ ನಾಲ್ಕು ನಟ್ಟನ್ನೂ ಹೊಸದಾಗಿ ತರಿಸಿದ. ಊಟದ ಹೊತ್ತಿಗೆ ಗಾಡಿ ಸಿದ್ಧವಾಯಿತು. ಶಾಂತಕ್ಕ ಕೈಯೂರಿ ತಾವೇ ಸೀಟಿಗೆ ಜರುಗಿ, ಹೆಬ್ಬೆರಳು ಒತ್ತಿ, ಸಸಿಮಡಿಗಳ ನಡುವೆ ಹೊರಟುಹೋದರು. ಮಾದೇವ ತಮ್ಮನ ಬೈಕಿನಲ್ಲಿ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟ. ದಾರಿಯಲ್ಲಿ ಮಗಳಿಗೆ ಹುಟ್ಟಿದ ಕೂಸಿನ ವಿಷಯ ಹೇಳಿದ. ನಟ್ಟಿನ ಮಾತೆತ್ತಲಿಲ್ಲ.

ಆಮೇಲೆ ಶಾಂತಕ್ಕ ಬಹಳ ದಿನ ನನ್ನನ್ನು ಕರೆಯಲಿಲ್ಲ. ಅದು ನ್ಯಾಯವೇ. ವರ್ಷದ ಮೇಲೆ, ಮಾದೇವ ಕೈಯ ಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ್ದಾಗ, ಮತ್ತೊಮ್ಮೆ ಫೋನ್ ಬಂತು. ಬ್ರೇಕ್ ಹಿಡಿಯುತ್ತಿಲ್ಲವಂತೆ. ನಾನು ಚೀಲ ತುಂಬುವ ಮೊದಲು ಮಾದೇವನಿಗೆ ಫೋನ್ ಮಾಡಿದೆ. "ಆ ಗಾಡಿ ಬ್ರೇಕು ನೀನು ಹೆಂಗೆ ಕೂಡ್ಸಿದ್ದಿ, ಹೇಳಪ್ಪ," ಎಂದೆ. ಇಷ್ಟು ವರ್ಷದಲ್ಲಿ ನಾನು ಅವನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಅವನು ಆಸ್ಪತ್ರೆಯ ಹಾಸಿಗೆಯ ಮೇಲಿಂದಲೇ ಕಾಲು ಗಂಟೆ ಹೇಳಿದ. ಬರೀ ಬೆರಳಲ್ಲೇ ಬ್ರೇಕ್ ಹಿಡಿಯುವ ಶಾಂತಕ್ಕನಿಗೆ ಸುಲಭವಾಗಲೆಂದು ಹಿಡಿಯ ಅಂತರವನ್ನು ಹೇಗೆ ಕಡಿಮೆ ಮಾಡಿದ್ದ, ಯಾವ ಸ್ಪ್ರಿಂಗ್ ಬದಲಿಸಿದ್ದ ಎಂದು ಒಂದೊಂದಾಗಿ ವಿವರಿಸಿದ. ನನಗೆ ಹೊಳೆಯದೇ ಇರುತ್ತಿದ್ದ ವಿಷಯಗಳು. ಕೇಳುತ್ತಿದ್ದ ಹಾಗೆ ಹೊಟ್ಟೆಯಲ್ಲಿ ಹಳೆಯ ಉರಿ ಮತ್ತೆ ಎದ್ದಿತು. ಅದು ಈ ಜನ್ಮಕ್ಕೆ ಆರುವಂತೆ ಕಾಣುವುದಿಲ್ಲ. ಆರುವವರೆಗೆ ಕಾಯುತ್ತಾ ಕೂತರೆ ಗಾಡಿಯ ಮೇಲೆ ಕೂರುವವರ ಗತಿಯೇನು ಎಂಬುದನ್ನು ಮಾತ್ರ ಈ ಕೆಲಸ ನನಗೆ ಕಲಿಸಿದೆ. ಅವನು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಂಡೆ.